ಚಾಟ್ಸ್‌ವರ್ತ್ ಬಂಗಲೆಯ ಪಾರ್ಕು ಮೊದಲಿಂದಲೂ ಹೀಗೇ ಇತ್ತಾ?

ಇಲ್ಲ. ಇಂಗ್ಲೆಂಡಿನ ಡರ್ಬಿಶೈರಿನ ಈ ಜಾಗ ಈಗ ಸುಮ್ನೆ ತಾನಾಗೇ ಬೆಳೆದ ಹುಲ್ಲುಗಾವಲಿನ ಹಾಗೆ ಕಾಣುತ್ತದೆ, ಆದರೆ ಅದೂ ಮನುಷ್ಯರೇ ಮಾಡಿದ್ದು. 1690ರ ದಶಕದಲ್ಲಿ ಇಲ್ಲಿ ಅಳತೆ ಹಿಡಿದು ಕತ್ತರಿಸಿದ ಹೂಪಾತಿಗಳು, ಕಾರಂಜಿಗಳು ಇದ್ದವು. ಗುಡ್ಡದಿಂದ ಮೆಟ್ಟಿಲಿಳಿದು ಬರುವ ನೀರಿನ 'ಕ್ಯಾಸ್ಕೇಡ್' ಆ ಕಾಲದ್ದೇ.

1760ರ ಸುಮಾರಿಗೆ ಫ್ಯಾಷನ್ ಬದಲಾಯಿತು. ಆಗ ಬಂದ ತೋಟ-ವಿನ್ಯಾಸಕಾರ 'ಕೇಪಬಿಲಿಟಿ' ಬ್ರೌನ್ ಹಳೆಯ ಪಾತಿಗಳನ್ನು ಬಹುಪಾಲು ತೆಗೆದು, ಹುಲ್ಲು ಹಬ್ಬಿಸಿ, ಅಲ್ಲಲ್ಲಿ ಮರಗಳ ಗುಂಪು ನೆಡಿಸಿದ.

ನನಗೆ ಜಾಸ್ತಿ ಇಷ್ಟವಾಗುವುದು ಮುಂದಿನ ಕಥೆ. 1826ರಲ್ಲಿ ಈ ಬಂಗಲೆಯ ಒಡೆಯ, ಡೆವನ್‌ಶೈರಿನ ಆರನೇ ಡ್ಯೂಕ್, ಇನ್ನೂ ಇಪ್ಪತ್ತರ ಆಸುಪಾಸಿನ ಜೋಸೆಫ್ ಪ್ಯಾಕ್ಸ್‌ಟನ್ನನನ್ನು ಮುಖ್ಯ ತೋಟಗಾರ ಮಾಡಿದ. ಅವನು ದೊಡ್ಡ ಗಾಜಿನ ಮನೆ ಕಟ್ಟಿದ, ರಷ್ಯಾದ ಚಕ್ರವರ್ತಿ ಬರ್ತಾನೆ ಅಂತ 1844ರಲ್ಲಿ ಸುಮಾರು 90 ಮೀಟರ್ ಚಿಮ್ಮುವ ಕಾರಂಜಿ ಮಾಡಿದ. ಪಾಪ, ಚಕ್ರವರ್ತಿ ಬರಲೇ ಇಲ್ಲ! 1851ರ ಲಂಡನ್ನಿನ ಗಾಜಿನ ಪ್ರದರ್ಶನ ಭವನ ಕ್ರಿಸ್ಟಲ್ ಪ್ಯಾಲೇಸ್ ಕೂಡ ಇವನದೇ ವಿನ್ಯಾಸ. ನಾವು ತಿನ್ನುವ ಪಚ್ಚಬಾಳೆ ಕ್ಯಾವೆಂಡಿಷ್ ಗುಂಪಿನದು ಅಲ್ವಾ, ಆ ಹೆಸರು ಈ ಡ್ಯೂಕನ ಮನೆತನದ್ದು, ಯಾಕೆಂದರೆ ಪ್ಯಾಕ್ಸ್‌ಟನ್ ಮಾರಿಷಸ್‌ನಿಂದ ಬಂದ ಆ ಬಾಳೆಯನ್ನು ಇಲ್ಲಿನ ಬೆಚ್ಚನೆಯ ಗಾಜಿನ ಮನೆಯಲ್ಲಿ ಬೆಳೆಸಿ ಹೂ ಬಿಡಿಸಿದ್ದ.

ಮೊದಲ ಮಹಾಯುದ್ಧದಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಸಿಗದೆ ದೊಡ್ಡ ಗಾಜಿನ ಮನೆಯ ಗಿಡಗಳು ಸತ್ತವು. 1920ರಲ್ಲಿ ಅದನ್ನು ಕೆಡವಿದರು. ಅಡಿಪಾಯದ ಗೋಡೆಗಳು ಮಾತ್ರ ಉಳಿದಿವೆ.