ಹೂವೇನೋ ಬಂತು, ಕಾಳೆಲ್ಲಿ?

ಪ್ರಶ್ನೆ: ಮೇಡಂ, ಫೆಬ್ರವರಿ ಕೊನೆಯಲ್ಲಿ ತಾರಸಿ ಮೇಲೆ ಹತ್ತು ಕುಂಡಗಳಲ್ಲಿ ಹುರುಳಿಕಾಯಿ ಹಾಕಿದ್ದೆ. ಗಿಡ ಚೆನ್ನಾಗಿ ಬಂತು, ಹೂವೂ ಬಂತು. ಆದರೆ ಬೆಳಿಗ್ಗೆ ನೋಡಿದರೆ ಅರ್ಧ ಹೂವು ನೆಲದ ಮೇಲೆ. ಉಳಿದ ಕಾಯಿ ಸೊಟ್ಟ, ಒಳಗೆ ಒಂದೋ ಎರಡೋ ಕಾಳು. ಜೇನು ಬರುತ್ತಿಲ್ಲ, ಅದಕ್ಕೇ ಅನ್ನುತ್ತಾರೆ ಪಕ್ಕದ ಮನೆಯವರು. ಈ ಕಾಳನ್ನು ಬೀಜಕ್ಕೆ ಇಟ್ಟುಕೊಳ್ಳಬಹುದಾ?
(ಓದುಗರೊಬ್ಬರು, ಮಂಡ್ಯ)

ಉತ್ತರ: ಪಾಪ, ಜೇನಿನ ತಪ್ಪೇನೂ ಇಲ್ಲ. ಹುರುಳಿಕಾಯಿ ಹೂವಿಗೆ ಅದರ ಹಂಗೇ ಬೇಡ. ಮೊಗ್ಗು ಬಿರಿಯುವಷ್ಟರಲ್ಲಿ ಅದರ ಪರಾಗ ಅದಕ್ಕೇ ತಾಗಿ ಕೆಲಸ ಮುಗಿದಿರುತ್ತದೆ.

ನಿಮ್ಮ ಗಿಡಕ್ಕೆ ಕಾಟ ಕೊಟ್ಟಿರುವುದು ಸೆಕೆ. ಹಗಲು 30 ಡಿಗ್ರಿ ದಾಟಿ, ರಾತ್ರಿಯೂ 20ರಿಂದ ಕೆಳಗೆ ಇಳಿಯದಿದ್ದರೆ ಪರಾಗ ಜಳ್ಳಾಗುತ್ತದೆ. ಅದೂ ಹೂವು ಅರಳುವ ವಾರ ಹತ್ತು ದಿನ ಮೊದಲೇ, ಇನ್ನೂ ಸಣ್ಣ ಮೊಗ್ಗಾಗಿರುವಾಗ. ಇವತ್ತು ಉದುರಿದ ಹೂವಿಗೆ ಹೋದ ವಾರದ ರಾತ್ರಿಗಳು ಕಾರಣ ಅಂದ ಹಾಗಾಯ್ತು. ಏಪ್ರಿಲ್‌ನಲ್ಲಿ ತಾರಸಿ ಕಾಂಕ್ರೀಟಿನ ಮೇಲೆ ರಾತ್ರಿ ಹತ್ತಕ್ಕೆ ಬರಿಗಾಲಲ್ಲಿ ನಿಂತು ನೋಡಿ, ಗೊತ್ತಾಗುತ್ತದೆ. ಹಾಗಂತ ಉದುರಿದ ಒಂದೊಂದು ಹೂವಿಗೂ ಮರುಗಬೇಡಿ. ಒಳ್ಳೆ ಕಾಲದಲ್ಲೂ ಈ ಗಿಡ ಬಿಟ್ಟ ಹೂವನ್ನೆಲ್ಲ ಕಾಯಿ ಮಾಡುವುದಿಲ್ಲ.

ಮೈಸೂರಿನಲ್ಲಿ ನನ್ನ ತಾರಸಿಯಲ್ಲೂ ಒಂದು ಬೇಸಿಗೆ ಹೀಗೇ ಆಗಿತ್ತು. ಪಲ್ಯಕ್ಕೆ ಹೆಚ್ಚುವಾಗ ಒಂದು ಸೊಟ್ಟ ಕಾಯಿಯನ್ನು ಉಗುರಿನಲ್ಲಿ ಸೀಳಿದೆ. ಆರು ಕಾಳಿನ ಜಾಗ. ತುದಿ ಕಡೆ ಎರಡು ದಪ್ಪಗಿದ್ದವು. ತೊಟ್ಟಿನ ಕಡೆಯ ನಾಲ್ಕು ಸಾಸಿವೆಗಿಂತ ಸಣ್ಣ, ಒಂದೊಂದೂ ತನ್ನ ಎಳೆಗೆ ಅಂಟಿಕೊಂಡೇ ಒಣಗಿತ್ತು. ಪರಾಗದಿಂದ ಹೊರಟು ಕಾಳು ಕಟ್ಟಿಸುವ ಸಣ್ಣ ಕೊಳವೆ ಒಳಗಿಳಿಯುವುದು ತುದಿಯಿಂದ. ಅದಕ್ಕೆ ತುದಿಯ ಕಾಳಿಗೆ ಮೊದಲ ಪಂಕ್ತಿ. ಕಷ್ಟಕಾಲದಲ್ಲಿ ಕೈಬಿಟ್ಟುಹೋಗುವುದು ಹೆಚ್ಚಾಗಿ ತೊಟ್ಟಿನ ಕಡೆಯವೇ. ಕಾಳು ತುಂಬದ ಜಾಗದಲ್ಲಿ ಸಿಪ್ಪೆಯೂ ಬೆಳೆಯುವುದಿಲ್ಲ, ಕಾಯಿ ಅಲ್ಲೇ ಬಾಗುತ್ತದೆ.

ಹೂವು ನಿಲ್ಲಲಿ ಅಂತ ಯಾರೋ ಹೇಳಿದ ಔಷಧಿಯೊಂದನ್ನು ನಾನೂ ಸಿಂಪಡಿಸಿದ್ದೆ. ದುಡ್ಡು ದಂಡ. ಮಧ್ಯಾಹ್ನ ನೆರಳು ಪರದೆ ಕಟ್ಟಿ, ಬುಡಕ್ಕೆ ಒಣ ತರಗು ಹಾಕಿ, ಮಣ್ಣು ಒಣಗಲು ಬಿಡಬೇಡಿ. ಯೂರಿಯಾ ಸುಮ್ನೆ ಸುರಿಯಬೇಡಿ, ಬರೀ ಎಲೆ ಜಾಸ್ತಿ ಆಗುತ್ತದೆ. ಕಾಯಿ ಎಳೆಯದಾಗಿರುವಾಗಲೇ ಕೀಳಿ. ಬಲಿಯಲು ಬಿಟ್ಟರೆ ಗಿಡ ತನ್ನ ಶಕ್ತಿಯನ್ನೆಲ್ಲ ಅದಕ್ಕೇ ಸುರಿದು ಹೊಸ ಹೂವನ್ನು ಉದುರಿಸುತ್ತದೆ.

ಇನ್ನು ಬೀಜ. ಕಾಳು ತುಂಬಿಕೊಂಡು ನುಣ್ಣಗಿದ್ದರೆ ಧಾರಾಳವಾಗಿ ಇಟ್ಟುಕೊಳ್ಳಿ. ಸೆಕೆಗೆ ಜೊತೆಯ ಕಾಳು ಸತ್ತಿತು ಅಂತ ಬದುಕಿದ ಕಾಳಿಗೆ ದೋಷ ಬರುವುದಿಲ್ಲ. ಆದರೆ ತಾಯಿಗಿಡದ ಎಲೆಯಲ್ಲಿ ಹಳದಿ ಹಸಿರು ಮಚ್ಚೆ, ಮುದುರು ಇದ್ದರೆ ಬೇಡ. ಆ ನಂಜು ರೋಗ ಬೀಜದಲ್ಲೇ ದಾಟುತ್ತದೆ. ಜೂನ್ ಮಳೆ ಬಿದ್ದ ಮೇಲೆ ಹಾಕಿ, ಇಲ್ಲವೇ ದಸರಾ ಕಳೆದ ಮೇಲೆ. ಬೇಸಿಗೆಗೆ ಕುಂಡ ಖಾಲಿ ಇರಬಾರದು ಅಂತಿದ್ದರೆ ಅಲಸಂದೆ ಹಾಕಿ ನೋಡಿ. ಅದು ಹುರುಳಿಕಾಯಿಗಿಂತ ಸೆಕೆ ತಡೆಯುತ್ತದೆ, ಉಪ್ಪುಸಾರಿಗೂ ಆಗುತ್ತದೆ ಅಲ್ವಾ?