ಓದುಗರ ಪ್ರಶ್ನೆ, ನಮ್ಮ ಉತ್ತರ: 24 ಗಂಟೆಯ ಸಹಾಯಾರ್ಥ ಆಟ

ಪ್ರಶ್ನೆ: ಮಾನ್ಯರೇ, ನಾವು ಎಂಟು ಜನ ಇಂಜಿನಿಯರಿಂಗ್ ವಿದ್ಯಾರ್ಥಿಗಳು. ದಸರಾ ರಜೆಯಲ್ಲಿ ನಾಲ್ವರಂತೆ ಎರಡು ತಂಡ ಕಟ್ಟಿ, 24 ಗಂಟೆ ಬಿಡದೆ ವಿಡಿಯೋ ಗೇಮ್ ಪಂದ್ಯ ಆಡಿ, ಅದನ್ನು ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡಿ, ಕೂಡಿದ ಹಣವನ್ನು ಕ್ಯಾನ್ಸರ್ ರೋಗಿಗಳ ಚಿಕಿತ್ಸೆಗೆ ಕೊಡಬೇಕೆಂದಿದ್ದೇವೆ. ಹೊರದೇಶಗಳಲ್ಲಿ ಇಂಥ ಕಾರ್ಯಕ್ರಮಗಳು ಲಕ್ಷಗಟ್ಟಲೆ ಡಾಲರ್ ಕೂಡಿಸುತ್ತವೆ. ನಮ್ಮ ಊರಿನಲ್ಲಿ ಬೇರೆಯವರು ಆಡುವುದನ್ನು ನೋಡಿ ಯಾರಾದರೂ ದುಡ್ಡು ಕೊಟ್ಟಾರೆಯೇ? ಎಲ್ಲಿಂದ ಶುರು ಮಾಡಬೇಕು?
ವಿದ್ಯಾರ್ಥಿಗಳು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಕೊಡುತ್ತಾರೆ. ಬೇರೆಯವರ ಆಟ ನೋಡಿ ದುಡ್ಡು ಕೊಡುವುದು ನಮ್ಮ ಸೀಮೆಗೆ ಹೊಸದಲ್ಲ. ಶಾಲೆಯ ಕಟ್ಟಡಕ್ಕೋ ಗುಡಿಯ ಜೀರ್ಣೋದ್ಧಾರಕ್ಕೋ ‘ಸಹಾಯಾರ್ಥ’ ಎಂದು ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿದ ನಾಟಕದ ಹಸ್ತಪತ್ರಿಕೆಗಳನ್ನು ನಿಮ್ಮ ಅಜ್ಜಂದಿರು ಕಂಡಿದ್ದಾರೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಅನ್ನ, ಸಂಗೀತ ಎರಡನ್ನೂ ಕೊಟ್ಟ ಪಂಚಾಕ್ಷರಿ ಗವಾಯಿಗಳು ಮತ್ತು ಅವರ ನಂತರ ಪುಟ್ಟರಾಜ ಗವಾಯಿಗಳು ಆಶ್ರಮದ ಖರ್ಚು ತೂಗಿಸಲು ನಾಟಕ ಕಂಪನಿಯನ್ನೇ ನಡೆಸಿದರು. ಟಿಕೀಟು ತೆಗೆದವನಿಗೆ ತನ್ನ ಹಣ ಎಲ್ಲಿಗೆ ಹೋಗುತ್ತದೆಂಬುದು ಗೊತ್ತಿತ್ತು, ರಾತ್ರಿಯಿಡೀ ನೋಡಲು ಒಂದು ಆಟವೂ ಇತ್ತು. ನೀವು ಮಾಡಹೊರಟಿರುವುದೂ ಇದೇ ಜಾತಿಯ ಕೆಲಸವಾದ್ದರಿಂದ, ಯಂತ್ರ ಸಾಮಗ್ರಿಯ ಪಟ್ಟಿ ಬರೆಯುವ ಮೊದಲು ಹಣ ಯಾರಿಗೆ, ಯಾವ ಖಾತೆಗೆ, ಯಾರ ರಸೀದಿಯ ಮೇಲೆ ಎಂಬುದನ್ನು ಬರೆದಿಟ್ಟುಕೊಳ್ಳಿ.

ನೀವು ಕೇಳಿರುವ ಹೊರದೇಶದ ಸಂಗತಿಯೂ ದೊಡ್ಡ ಸಭಾಂಗಣದಲ್ಲಿ ಹುಟ್ಟಿದ್ದಲ್ಲ. ಆಟಗಳನ್ನು ಅತಿ ಕಡಿಮೆ ಸಮಯದಲ್ಲಿ ಮುಗಿಸುವವರು ಸೇರಿ ಕೂಡಿಸುವ ‘ಗೇಮ್ಸ್ ಡನ್ ಕ್ವಿಕ್’ ಎಂಬ ಅಮೆರಿಕದ ಮ್ಯಾರಥಾನ್ 2010ರ ಜನವರಿಯಲ್ಲಿ ಶುರುವಾದಾಗ, ನಿಗದಿಯಾಗಿದ್ದ ಜಾಗದಲ್ಲಿ ಇಂಟರ್ನೆಟ್ ಕೈಕೊಟ್ಟು, ಸಂಘಟಕನ ತಾಯಿಯ ಮನೆಯ ನೆಲಮಾಳಿಗೆಗೆ ಎಲ್ಲವನ್ನೂ ಹೊತ್ತೊಯ್ಯಬೇಕಾಯಿತು. ಆ ಸಲ ಕೂಡಿದ್ದು 10 ಸಾವಿರ ಡಾಲರಿನ ಮೇಲೆ ಸ್ವಲ್ಪ. ಹತ್ತು ವರ್ಷಗಳ ನಂತರ, 2020ರ ಜನವರಿಯ ಒಂದೇ ವಾರದಲ್ಲಿ ಅದೇ ಕಾರ್ಯಕ್ರಮಕ್ಕೆ 31 ಲಕ್ಷ ಡಾಲರಿಗೂ ಹೆಚ್ಚು ಬಂತು. ಅದು ಹೋದದ್ದೂ ಕ್ಯಾನ್ಸರ್ ತಡೆಗಟ್ಟುವ ಸಂಸ್ಥೆಗೇ. ನೀವು ಲೆಕ್ಕ ಹಾಕಬೇಕಾದದ್ದು ನೆಲಮಾಳಿಗೆಯ ವರ್ಷದ ಮೇಲೆ.

ಇನ್ನು ಪಂದ್ಯ ನಡೆಸುವ ಬಗೆ. ಎರಡೂ ತಂಡ ಒಂದೇ ಆಟವನ್ನು ಒಂದೇ ಕ್ಷಣಕ್ಕೆ ಹೊಸದಾಗಿ ಶುರು ಮಾಡಬೇಕು, ಎರಡು ಪರದೆಗಳೂ ನೋಡುಗನಿಗೆ ಅಕ್ಕಪಕ್ಕದಲ್ಲಿ ಕಾಣಬೇಕು, ನಡುವೆ ಗಡಿಯಾರ ಓಡುತ್ತಿರಬೇಕು. ನಾಲ್ವರಲ್ಲಿ ಒಬ್ಬರು ಆಡುವಾಗ ಒಬ್ಬರು ಮಾತಾಡಬೇಕು, ಇಬ್ಬರು ಮಲಗಬೇಕು. ವಿಠ್ಠಲ ಮಂದಿರದ ಸಪ್ತಾಹದಲ್ಲಿ ವೀಣೆಯನ್ನು ನೆಲಕ್ಕಿಡದೆ ಪಾಳಿಯ ಮೇಲೆ ಒಬ್ಬರ ಹೆಗಲಿಂದ ಇನ್ನೊಬ್ಬರ ಹೆಗಲಿಗೆ ದಾಟಿಸುವುದನ್ನು ನೀವು ನೋಡಿದ್ದರೆ ಆಟವನ್ನು ಆಡಿಸುವ ಕೈಯ ಸಾಧನವಾದ ಕಂಟ್ರೋಲರ್ ಕೈ ಬದಲಿಸುವ ರೀತಿಯನ್ನು ನಾನು ಬೇರೆ ವಿವರಿಸಬೇಕಿಲ್ಲ. ಬದಲಾವಣೆ ಗಡಿಯಾರದ ಮೇಲೆ ಆಗದೆ ಆಟದ ಒಂದು ಹಂತ ಮುಗಿದು ಸೇವ್ ಆದ ಮೇಲೆ, ಅಂದರೆ ಅಲ್ಲಿಯವರೆಗೆ ಆಡಿದ್ದು ಯಂತ್ರದಲ್ಲಿ ಉಳಿದ ಮೇಲೆ ಆಗಲಿ. ದೊಡ್ಡ ಶತ್ರುವಿನ ಎದುರು ನಿಂತವನ ಕೈಯಿಂದ ಕಂಟ್ರೋಲರ್ ಕಿತ್ತುಕೊಂಡರೆ ನಾಲ್ವರ ಸ್ನೇಹವೂ ಅಲ್ಲಿಗೇ ಮುಗಿದೀತು.

ಇಂಥದೇ ಒಂದು 12 ಗಂಟೆಯ ಪಂದ್ಯವನ್ನು ಹುಬ್ಬಳ್ಳಿಯದೇ ಒಂದು ಬಾಡಿಗೆ ಹಾಲಿನಲ್ಲಿ ಕುಳಿತು ನೋಡಿದ್ದೇನೆ. ರಾತ್ರಿ ಎರಡರ ಸುಮಾರಿಗೆ ಕರೆಂಟ್ ಹೋಯಿತು. ಟಿವಿ, ಮೋಡೆಮ್, ಪ್ರಸಾರದ ಲ್ಯಾಪ್‌ಟಾಪ್ ಎಲ್ಲವನ್ನೂ ಇನ್ವರ್ಟರಿಗೆ ಕೂಡಿಸಿದ್ದ ಹುಡುಗರು ಆಟ ನಡೆಸುವ ಪೆಟ್ಟಿಗೆಯನ್ನು, ಅಂದರೆ ಒಂದು ತಂಡದ ಗೇಮ್ ಕನ್ಸೋಲನ್ನು ಮಾತ್ರ ಗೋಡೆಯ ಪ್ಲಗ್ಗಿನಲ್ಲೇ ಬಿಟ್ಟಿದ್ದರು. ಪರದೆ ಬೆಳಗುತ್ತಲೇ ಇತ್ತು, ಅದರಲ್ಲಿ ‘ಸಿಗ್ನಲ್ ಇಲ್ಲ’ ಎಂಬ ನೀಲಿ ಚೌಕವೊಂದು ಮಾತ್ರ ಅತ್ತಿತ್ತ ಓಡಾಡುತ್ತಿತ್ತು. ಕೊನೆಯ ಸೇವ್ ಆಗಿ ನಲವತ್ತು ನಿಮಿಷವಾಗಿತ್ತು. ಆಡುತ್ತಿದ್ದ ಹುಡುಗ ಕಂಟ್ರೋಲರನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳ ಮೇಲೆ ಬಿದ್ದಿದ್ದ ದುಂಡನೆಯ ಅಚ್ಚನ್ನೇ ಉಜ್ಜುತ್ತ ಕುಳಿತ. ಆಗ ಮೈಕು ಹಿಡಿದವನು, “ಕರೆಂಟ್ ಹೋತ್ರೀ, ನಲವತ್ತು ಮಿನಿಟಿನ ಆಟಾನೂ ಹೋತು. ಹುಡುಗ ಅಳಾಕತ್ತಿಲ್ಲ, ಆದ್ರ ನೀವೊಂದೀಟು ಧೈರ್ಯ ಹೇಳ್ರಿ” ಎಂದ. ಮುಂದಿನ ಅರ್ಧ ಗಂಟೆಯಲ್ಲಿ ಬಂದಷ್ಟು ಹಣ ಅದರ ಹಿಂದಿನ ಮೂರು ಗಂಟೆಯಲ್ಲೂ ಬಂದಿರಲಿಲ್ಲ. ಆದ್ದರಿಂದ ಕನ್ಸೋಲನ್ನು ಮರೆಯದೆ ಇನ್ವರ್ಟರಿಗೆ ಕೂಡಿಸಿ. ಅದಕ್ಕಿಂತ ಮುಖ್ಯವಾಗಿ, ನಮ್ಮ ಮಾತಿನಲ್ಲಿ ನಿದ್ದೆಗಣ್ಣಿನಲ್ಲೂ ಮಾತಾಡಬಲ್ಲವನೊಬ್ಬನನ್ನು ಈಗಲೇ ಹುಡುಕಿಟ್ಟುಕೊಳ್ಳಿ. ಆಟ ಗೊತ್ತಿಲ್ಲದ ಅತ್ತೆ, ಸೋದರಮಾವಂದಿರು ಹಣ ಕೊಡುವುದು ಅವನ ಮಾತಿಗೆ.

ಪ್ರಸಾರದ ಬಗ್ಗೆ ಕೆಲವು ಮಾತು. ಒಬಿಎಸ್ ಸ್ಟುಡಿಯೋ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ನಿಮಗೆ ಅಷ್ಟು ಸಾಕು. ಸೆಕೆಂಡಿಗೆ 6 ಮೆಗಾಬಿಟ್‌ನಂತೆ ಕಳಿಸಿದರೆ 24 ಗಂಟೆಗೆ ಸುಮಾರು 65 ಜಿಬಿ ಡೇಟಾ ಬೇಕು, ಆದ್ದರಿಂದ ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕನ್ನು ನೆಚ್ಚಬೇಡಿ. ಹೊಸ ಚಾನೆಲಿಗೆ ನೇರಪ್ರಸಾರದ ಅನುಮತಿ ಸಿಗಲು 24 ಗಂಟೆಯವರೆಗೂ ಹಿಡಿಯಬಹುದು. ಅದನ್ನು ಹಿಂದಿನ ವಾರವೇ ಮಾಡಿಟ್ಟುಕೊಳ್ಳಿ. 12 ಗಂಟೆ ಮೀರಿದ ಪ್ರಸಾರವನ್ನು ಯೂಟ್ಯೂಬ್ ದಾಖಲೆಯಾಗಿ ಉಳಿಸುವುದಿಲ್ಲವಾದ್ದರಿಂದ, ಮುಂದೆ ದಾನಿಗಳಿಗೆ ತೋರಿಸಲು ಬೇಕೆಂದರೆ ಹನ್ನೊಂದು ಗಂಟೆಗೊಮ್ಮೆ ನಿಲ್ಲಿಸಿ ಹೊಸದಾಗಿ ಶುರು ಮಾಡಿ. ನೋಡುಗರು ಹಣ ಕಟ್ಟಿ ಸಂದೇಶ ಕಳಿಸುವ ಯೂಟ್ಯೂಬಿನ ಸೂಪರ್ ಚಾಟ್ ಮೂಲಕ ದಾನ ಕೇಳಬೇಡಿ, ಅದರಲ್ಲಿ ಶೇ. 30ರಷ್ಟನ್ನು ಯೂಟ್ಯೂಬ್ ಇಟ್ಟುಕೊಳ್ಳುತ್ತದೆ. ಕದ್ದಿಳಿಸಿಕೊಂಡ ಆಟವನ್ನು ಧರ್ಮಕಾರ್ಯದ ಹೆಸರಿನಲ್ಲಿ ಜಗತ್ತಿಗೆಲ್ಲ ತೋರಿಸುವುದೂ ಬೇಡ.

ಹಣ ನಿಮ್ಮ ಯಾರ ಖಾತೆಗೂ ಬರಕೂಡದು. ನೀವು ಆರಿಸಿಕೊಂಡ ಆಸ್ಪತ್ರೆಗೋ ಟ್ರಸ್ಟಿಗೋ ಮೊದಲು ಹೋಗಿ, ಅವರಿಂದ ಒಪ್ಪಿಗೆಯ ಪತ್ರ ಪಡೆದು, ಅವರದೇ ಕ್ಯೂಆರ್ ಕೋಡನ್ನು ಪರದೆಯ ಮೂಲೆಯಲ್ಲಿ 24 ಗಂಟೆಯೂ ತೋರಿಸಿ. ನವನಗರದಲ್ಲೇ ಕ್ಯಾನ್ಸರ್ ಆಸ್ಪತ್ರೆ ಇದೆ, ನಿಮಗೆ ದೂರವೇನಲ್ಲ. ಹಾಗೆ ಮಾಡಿದರೆ ಎಷ್ಟು ಕೂಡಿತೆಂದು ಪರದೆಯಲ್ಲಿ ತೋರಿಸುವುದು ಹೇಗೆ ಎಂದು ನೀವು ಕೇಳುತ್ತೀರಿ. ಅಲ್ಲಿಯ ಲೆಕ್ಕದ ಮನುಷ್ಯನನ್ನು ಮೂರು ಗಂಟೆಗೊಮ್ಮೆ ಮೊತ್ತ ಹೇಳುವಂತೆ ಕೇಳಿಕೊಳ್ಳಿ, ರಾತ್ರಿಯ ಮೊತ್ತವನ್ನು ಬೆಳಿಗ್ಗೆ ಸೇರಿಸಿ. ಅಂಕಿ ಕ್ಷಣಕ್ಷಣಕ್ಕೂ ಏರದಿದ್ದರೆ ನೋಡುಗರ ಹುರುಪು ಸ್ವಲ್ಪ ತಗ್ಗೀತು, ನಿಜ. ಆದರೆ ಒಬ್ಬ ವಿದ್ಯಾರ್ಥಿಯ ಫೋನಿನಲ್ಲಿ ಊರಿನ ದಾನ ಕುಳಿತಿದೆ ಎಂಬ ಮಾತು ಹುಟ್ಟುವುದಕ್ಕಿಂತ ಅದು ಎಷ್ಟೋ ವಾಸಿ.

ಪ್ರಶ್ನೆ: ನನ್ನ ಮಗನೂ ಇಂಥದೊಂದು ತಂಡ ಸೇರಿದ್ದಾನೆ. ಹಗಲು ರಾತ್ರಿ ಗೇಮ್ ಆಡುವುದಕ್ಕೆ ಇದೊಂದು ನೆಪ ಸಿಕ್ಕಿತೇನೋ ಎಂಬ ಅನುಮಾನ ನನ್ನದು. ಸೇವೆ ಮಾಡಬೇಕೆಂದರೆ ನೇರವಾಗಿ ಆಸ್ಪತ್ರೆಗೆ ಹೋಗಿ ಮಾಡಬಾರದೇ?
ಒಬ್ಬ ತಾಯಿ, ಸಪ್ತಾಪುರ, ಧಾರವಾಡ

ಉತ್ತರ: ತಾಯೀ, ನಿಮ್ಮ ಅನುಮಾನದಲ್ಲಿ ಅರ್ಧ ಹುರುಳಿದೆ, ಅದನ್ನು ಬಿಡಬೇಡಿ. ಆದರೆ ಲೆಕ್ಕ ನೋಡಿ: ನಾಲ್ವರ ತಂಡದಲ್ಲಿ 24 ಗಂಟೆಯನ್ನು ಹಂಚಿದರೆ ನಿಮ್ಮ ಮಗನ ಪಾಲಿಗೆ ಬರುವುದು ಆರು ಗಂಟೆ. ಅದನ್ನು ಎರಡೆರಡು ಗಂಟೆಯ ಮೂರು ಪಾಳಿಯಾಗಿ ಒಡೆದರೆ ಸಾಮಾನ್ಯ ಭಾನುವಾರಕ್ಕಿಂತ ಆವತ್ತೇ ಅವನು ಕಡಿಮೆ ಆಡಿದಂತಾದೀತು. ಅಮೆರಿಕದಲ್ಲಿ 2008ರಿಂದ ಮಕ್ಕಳ ಆಸ್ಪತ್ರೆಗಳಿಗಾಗಿ ನಡೆಯುತ್ತಿರುವ ‘ಎಕ್ಸ್‌ಟ್ರಾ ಲೈಫ್’ ಎಂಬ 24 ಗಂಟೆಯ ಆಟದಲ್ಲೂ ಒಂದೇ ಸಲಕ್ಕೆ ಕುಳಿತು ಮುಗಿಸಬೇಕೆಂಬ ಕಡ್ಡಾಯವಿಲ್ಲ.

ನೀವು ಕೇಳಬೇಕಾದ ಪ್ರಶ್ನೆಗಳು ಬೇರೆ. ಪಾಳಿಯ ಪಟ್ಟಿ ಬರೆದಿದ್ದಾರೆಯೇ? ಮಲಗಲು ಬೇರೆ ಕೋಣೆ ಇದೆಯೇ? ಮರುದಿನ ಬೆಳಿಗ್ಗೆ ಮನೆಗೆ ಹೇಗೆ ಬರುತ್ತಾನೆ? ಒಂದು ಹಗಲು ಒಂದು ರಾತ್ರಿ ನಿದ್ದೆಗೆಟ್ಟವನ ಚುರುಕು ಕುಡಿದವನ ಚುರುಕಿಗಿಂತ ಮೇಲಾಗಿರುವುದಿಲ್ಲ. ಹುಬ್ಬಳ್ಳಿಯಲ್ಲಿ ಪಂದ್ಯ ಮುಗಿಸಿ ಧಾರವಾಡದವರೆಗೆ ಬೈಕಿನಲ್ಲಿ ಬರುವುದನ್ನು ಮಾತ್ರ ಖಡಾಖಂಡಿತವಾಗಿ ಬೇಡವೆನ್ನಿ. ಬಸ್ಸಿನಲ್ಲಿ ಬರಲಿ, ಸೀಟಿನಲ್ಲೇ ಮಲಗಲಿ. ಆಸ್ಪತ್ರೆಗೆ ನೇರವಾಗಿ ಹೋಗಿ ಸೇವೆ ಮಾಡುವುದು ದೊಡ್ಡದೇ, ಅದನ್ನು ಬೇಡವೆಂದವರು ಯಾರು? ಒಪ್ಪಿಗೆಯ ಪತ್ರ ತರಲು ಅವನೇ ಅಲ್ಲಿಗೆ ಹೋಗಲಿ, ಸಾಧ್ಯವಾದರೆ ನೀವೂ ಜೊತೆಗೆ ಹೋಗಿ ಬನ್ನಿ.

ಪ್ರಶ್ನೆ: ಪಂದ್ಯಕ್ಕೆ ತಲಾ 200 ರೂಪಾಯಿ ಪ್ರವೇಶ ಶುಲ್ಕ ಇಟ್ಟು, ಗೆದ್ದವರಿಗೆ ಅರ್ಧ, ಅನಾಥಾಶ್ರಮಕ್ಕೆ ಅರ್ಧ ಎಂದು ಮಾಡಿದರೆ ತಪ್ಪೇ? ದಾನ ಕೊಟ್ಟವರಿಗೆ ತೆರಿಗೆ ರಿಯಾಯಿತಿ ಸಿಗುತ್ತದೆಯೇ? ಅಮೆರಿಕದಲ್ಲಿರುವ ನಮ್ಮ ಚಿಕ್ಕಪ್ಪನೂ ಹಣ ಕಳಿಸುತ್ತೇನೆ ಎನ್ನುತ್ತಾರೆ.
ಓದುಗರು, ರಾಣೆಬೆನ್ನೂರು, ಹಾವೇರಿ ಜಿಲ್ಲೆ

ಉತ್ತರ: ಮೊದಲನೆಯದು ಬೇಡವೇ ಬೇಡ. ಗೆದ್ದರೆ ಹಣ ಬರುತ್ತದೆಂಬ ಆಸೆಯಿಂದ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ನಿಮ್ಮದು ಒಂದೇ ಕೋಣೆಯ ಆಟ, ಅದು ಬೇರೆ ಎಂದು ವಾದಿಸಬಹುದಾದರೂ ಧರ್ಮಕಾರ್ಯಕ್ಕೆ ಹೊರಟವರು ವಾದ ಮಾಡುವ ಸ್ಥಿತಿಗೆ ಹೋಗುವುದೇಕೆ? ಆಟಗಾರರಿಂದ ಏನನ್ನೂ ತೆಗೆದುಕೊಳ್ಳಬೇಡಿ. ಗೆದ್ದವರಿಗೆ ಬ್ಯಾಡಗಿ ಮೆಣಸಿನಕಾಯಿಯ ಹಾರ ಹಾಕಿ ಕಳಿಸಿದರೂ ನಡೆಯುತ್ತದೆ, ನೋಡುಗರಿಗೆ ಅದೇ ಹೆಚ್ಚು ಖುಷಿ.

ತೆರಿಗೆ ರಿಯಾಯಿತಿ ಸಿಗಬೇಕಾದರೆ ಸಂಸ್ಥೆಗೆ 80ಜಿ ಎಂದು ಜನ ಕರೆಯುವ ಮಾನ್ಯತೆ ಇರಬೇಕು, ದಾನಿ ಹಳೆಯ ತೆರಿಗೆ ಪದ್ಧತಿಯಲ್ಲಿರಬೇಕು, ಮತ್ತು 2,000 ರೂಪಾಯಿಗಿಂತ ಹೆಚ್ಚಿನ ದಾನ ನಗದಾಗಿರಬಾರದು. ರಸೀದಿ ಕೊಡಬೇಕಾದವರು ಸಂಸ್ಥೆಯವರು, ಆಟಗಾರರಲ್ಲ. ಇನ್ನು ನಿಮ್ಮ ಚಿಕ್ಕಪ್ಪನವರು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ ಬ್ಯಾಂಕಿನ ಮೂಲಕ ಕಳಿಸಲು ತೊಂದರೆ ಇಲ್ಲ. ಅಲ್ಲಿಯ ಪೌರತ್ವ ಪಡೆದಿದ್ದರೆ ಅದು ವಿದೇಶಿ ದೇಣಿಗೆಯಾಗುತ್ತದೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿಯೋ ಪೂರ್ವಾನುಮತಿಯೋ ಇರುವ ಸಂಸ್ಥೆ ಮಾತ್ರ, ಅದಕ್ಕೆಂದೇ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ತೆರೆದ ಖಾತೆಯಲ್ಲಿ ಅದನ್ನು ಪಡೆಯಬಹುದು. ಸಣ್ಣ ಅನಾಥಾಶ್ರಮಗಳಿಗೆ ಇದು ಸಾಮಾನ್ಯವಾಗಿ ಇರುವುದಿಲ್ಲ. ಪರದೆಯ ಮೇಲೆ ಈ ಮಾತನ್ನು ಮೊದಲೇ ಬರೆದುಬಿಡಿ.

ಪ್ರಶ್ನೆ: ಯಾವ ಆಟ ಆರಿಸಬೇಕು? ನೋಡುವವರಿಗೆ ಬೇಸರವಾಗದಂತೆ ಮಾಡುವುದು ಹೇಗೆ?
ಪದವಿ ವಿದ್ಯಾರ್ಥಿನಿ, ಗದಗ

ಉತ್ತರ: ಎಷ್ಟು ದಾರಿ ಸವೆಯಿತೆಂಬುದು ನೋಡುಗನಿಗೆ ಎಣಿಕೆಯಲ್ಲಿ ತಿಳಿಯುವ ಆಟ ಒಳ್ಳೆಯದು. 1996ರ ಸೂಪರ್ ಮಾರಿಯೋ 64ರಲ್ಲಿ ಒಟ್ಟು 120 ನಕ್ಷತ್ರಗಳಿವೆ. ನ್ಯಾಯವಾಗಿ ಕೊನೆಯ ಬಾಗಿಲು ತೆರೆಯಲು 70 ಬೇಕು. ‘ಒಂದು ತಂಡದ್ದು 41, ಇನ್ನೊಂದರದ್ದು 38’ ಎಂದರೆ ಆಟದ ತಲೆಬುಡ ಗೊತ್ತಿಲ್ಲದವರಿಗೂ ಅರ್ಥವಾಗುತ್ತದೆ. ನುರಿತವರು ಈ 70ನ್ನು ಒಂದು ಗಂಟೆಯೊಳಗೆ ಮುಗಿಸುತ್ತಾರೆ, ಹೊಸಬರಿಗೆ ಇಡೀ ರಾತ್ರಿ ಸಾಲದು. ಅಂಥ ಮೂರು ನಾಲ್ಕು ಆಟಗಳನ್ನು ಸಾಲಾಗಿ ಇಟ್ಟುಕೊಂಡರೆ 24 ಗಂಟೆ ತುಂಬುತ್ತದೆ.

ಬೇಸರ ಕಳೆಯುವ ಉಪಾಯವೆಂದರೆ ಕೊಡುವವರಿಗೂ ಆಟದಲ್ಲಿ ಕೈ ಇರುವಂತೆ ಮಾಡುವುದು. ಸೂಪರ್ ಮೆಟ್ರಾಯ್ಡ್ ಎಂಬ 1994ರ ಆಟದ ಕೊನೆಯಲ್ಲಿ ಗ್ರಹ ಸಿಡಿಯುವ ಮುನ್ನ ಓಡಿ ಪಾರಾಗಬೇಕು. ದಾರಿಯಲ್ಲಿ ಸಿಕ್ಕಿಬಿದ್ದ ಕೆಲವು ಪ್ರಾಣಿಗಳನ್ನು ಬಿಡಿಸಲು ಹೋದರೆ ಅಮೂಲ್ಯವಾದ ಕ್ಷಣಗಳು ವ್ಯರ್ಥವಾಗುತ್ತವೆ. ಪ್ರಾಣಿಗಳನ್ನು ಉಳಿಸಬೇಕೋ ಬಿಡಬೇಕೋ ಎಂಬುದನ್ನು ಗೇಮ್ಸ್ ಡನ್ ಕ್ವಿಕ್‌ನಲ್ಲಿ ದಾನಿಗಳು ಹಣ ಹಾಕಿ ತೀರ್ಮಾನಿಸುತ್ತಾರೆ, ಎರಡು ಪಂಗಡವಾಗಿ ಪೈಪೋಟಿಗೆ ಬೀಳುತ್ತಾರೆ. ನೀವೂ ನಾಯಕನ ಹೆಸರಿಡುವ ಹಕ್ಕನ್ನು ಹರಾಜಿಗೆ ಹಾಕಬಹುದು. ಗದುಗಿನವರು ‘ಬದನೀಕಾಯಿ ಬಜಿ’ ಎಂದೇ ಹೆಸರಿಡಿಸಿಯಾರು, ಇಡಲಿ ಬಿಡಿ.

ಇನ್ನೊಂದು ಮಾದರಿ ಕೆನಡಾದ್ದು. ಅಲ್ಲಿಯ ಕೆಲವರು 2007ರಿಂದ ಪ್ರತಿವರ್ಷ ‘ಡೆಸರ್ಟ್ ಬಸ್’ ಎಂಬ, ಬೇಸರಪಡಿಸಲೆಂದೇ ಮಾಡಿದ ಆಟವನ್ನು ಮಕ್ಕಳ ಆಸ್ಪತ್ರೆಗಳಿಗಾಗಿ ಆಡುತ್ತಾರೆ. ಖಾಲಿ ಮರುಭೂಮಿಯ ರಸ್ತೆ, ಗಂಟೆಗೆ 45 ಮೈಲಿ ದಾಟದ ಬಸ್ಸು, ಎಂಟು ಗಂಟೆಯ ಪ್ರಯಾಣ, ಮುಟ್ಟಿದರೆ ಒಂದು ಅಂಕ. ಬಸ್ಸು ತುಸು ಬಲಕ್ಕೆ ಎಳೆಯುತ್ತಿರುವುದರಿಂದ ಕೈ ಬಿಡುವಂತಿಲ್ಲ. ರಸ್ತೆ ಬಿಟ್ಟಿತೋ, ಹೊರಟ ಊರಿಗೇ ಅದನ್ನು ಎಳೆದೊಯ್ಯುತ್ತಾರೆ, ಅದಕ್ಕೂ ಅಷ್ಟೇ ಹೊತ್ತು ಕಾಯಬೇಕು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋದವರಿಗೆ ಇದರ ಸುಖ ಗೊತ್ತು. ಇಷ್ಟು ದಿನ ಆಡುತ್ತೇವೆಂದು ಅವರು ಹೇಳುವುದಿಲ್ಲ. ಗಂಟೆಗಳನ್ನು ಮಾರುತ್ತಾರೆ: ಮೊದಲ ಗಂಟೆಗೆ ಒಂದು ಡಾಲರ್, ಆಮೇಲೆ ಪ್ರತಿ ಗಂಟೆಗೆ ಶೇ. 7ರಷ್ಟು ಹೆಚ್ಚು. ನೀವು ಮೊದಲ ಗಂಟೆಗೆ 500 ರೂಪಾಯಿ ಇಟ್ಟರೆ 24ನೆಯ ಗಂಟೆಯ ಬೆಲೆ ಸುಮಾರು 2,370 ಆಗುತ್ತದೆ, 24 ಗಂಟೆಗೆ ಒಟ್ಟು 29,000 ದಾಟುತ್ತದೆ. ಮುಂದಿನ ಗಂಟೆಯ ಹಣ ಬಾರದಿದ್ದರೆ ಅಲ್ಲಿಗೆ ಆಟ ನಿಲ್ಲಿಸಿ ಎಲ್ಲರೂ ಮನೆಗೆ ಹೋಗಿ ಮಲಗಬಹುದು, ಅದಕ್ಕೆ ಯಾರ ಆಕ್ಷೇಪವೂ ಇರುವುದಿಲ್ಲ.