ಒಲೆಯ ಮುಂದಿನ ಅಜ್ಜಿ ಮತ್ತು 13 ಸ್ನಾಯುಗಳು: ಒಬ್ಬ ಲೇಖಕರಿಗೆ ಉತ್ತರ

ಮಾನ್ಯರೇ,

ನೀವು ಕಳುಹಿಸಿದ ‘ಕಣಕಾಲಿನ ಸ್ನಾಯುಗಳು: ಒಂದು ಪರಿಚಯ’ ಎಂಬ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಹಾಗೆಂದು ಒಂದು ಸಾಲಿನ ವಿಷಾದಪತ್ರ ಬರೆದು ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ. ಒಲೆಯ ಮುಂದೆ ಹಿಮ್ಮಡಿಯನ್ನು ನೆಲಕ್ಕೂರಿ ಕುಕ್ಕರಗಾಲಿನಲ್ಲಿ ಗಂಟೆಗಟ್ಟಲೆ ಕೂರುತ್ತಿದ್ದ ನಿಮ್ಮ ಅಜ್ಜಿಯ ಬಗ್ಗೆ ಏಳನೆಯ ಪುಟದಲ್ಲಿ ಮೂರು ಸಾಲುಗಳಿವೆ. ‘ನನಗೆ ಹಾಗೆ ಕೂರಲು ಆಗುವುದಿಲ್ಲ, ಹಿಂದಕ್ಕೆ ಬೀಳುತ್ತೇನೆ’ ಎಂದು ಬರೆದು, ಏಕೆ ಆಗುವುದಿಲ್ಲ ಎಂಬುದನ್ನು ಹೇಳದೆ ಮುಂದಿನ ಸ್ನಾಯುವಿಗೆ ಹೋಗಿಬಿಟ್ಟಿದ್ದೀರಿ. ನಿಮ್ಮ ಲೇಖನ ಶುರುವಾಗಬೇಕಾಗಿದ್ದದ್ದೇ ಅಲ್ಲಿ.

ಮೊದಲು ಲೆಕ್ಕದ ತಪ್ಪು ನೋಡೋಣ. ನಿಮ್ಮ ಪಟ್ಟಿಯಲ್ಲಿ 14 ಹೆಸರುಗಳಿವೆ. ಮಂಡಿಗೂ ಹರಡಿಗೂ (ಪಾದವು ಕಾಲಿಗೆ ಸೇರುವ ಕೀಲಿಗೂ) ನಡುವೆ ಇರುವ ಸ್ನಾಯುಗಳು 13: ಮುಂಭಾಗದಲ್ಲಿ ನಾಲ್ಕು, ಹೊರಬದಿಯಲ್ಲಿ ಎರಡು, ಹಿಂಭಾಗದ ಮೇಲ್ಪದರದಲ್ಲಿ ಮೂರು, ಅದರಡಿಯ ಒಳಪದರದಲ್ಲಿ ನಾಲ್ಕು. ನೀವು ಪೆರೋನಿಯಸ್ ಲಾಂಗಸ್ ಮತ್ತು ಬ್ರೆವಿಸ್‌ಗಳನ್ನು ಒಮ್ಮೆ ಎಣಿಸಿ, ಫಿಬುಲಾರಿಸ್ ಲಾಂಗಸ್ ಮತ್ತು ಬ್ರೆವಿಸ್ ಎಂದು ಮತ್ತೊಮ್ಮೆ ಎಣಿಸಿದ್ದೀರಿ. ಅವು ಬೇರೆ ಬೇರೆಯಲ್ಲ. ಕಣಕಾಲಿನ ಹೊರಬದಿಯ ತೆಳು ಎಲುಬಿನ ಹೆಸರಾದ ಗ್ರೀಕಿನ ಪೆರೋನೆಗೂ ಲ್ಯಾಟಿನ್ನಿನ ಫಿಬುಲಾಗೂ ಬಟ್ಟೆಗೆ ಚುಚ್ಚುವ ಪಿನ್ನು ಎಂಬುದೇ ಅರ್ಥ. 1998ರಲ್ಲಿ ಬಂದ ಅಂತರರಾಷ್ಟ್ರೀಯ ಅಂಗರಚನಾ ಪದಾವಳಿಯು ಫಿಬುಲಾರಿಸ್ ಎಂಬ ರೂಪವನ್ನು ಮುಂದಿಟ್ಟಿತಾದರೂ ಆಸ್ಪತ್ರೆಗಳಲ್ಲಿ ಹಳೆಯ ಹೆಸರೂ ಬದುಕಿದೆ. ನೀವು ಎರಡು ಪಠ್ಯಪುಸ್ತಕಗಳನ್ನು ಅಕ್ಕಪಕ್ಕದಲ್ಲಿಟ್ಟುಕೊಂಡು ಬರೆದಿರಬೇಕು. ಇದರ ನಡುವೆ ಮಂಡಿಯ ಹಿಂದಿನ ಪುಟ್ಟ ಪಾಪ್ಲಿಟಿಯಸ್ ಬಿಟ್ಟೇ ಹೋಗಿದೆ. ನೆಟ್ಟಗೆ ನಿಂತಾಗ ಬಿಗಿದು ಕೂತ ಮಂಡಿಯನ್ನು ಮಡಿಸುವ ಮುನ್ನ ತುಸು ತಿರುಗಿಸಿ ಬೀಗ ತೆಗೆಯುವುದು ಅದೇ.

ಎಣಿಕೆಯ ತಪ್ಪನ್ನು ಒಂದು ಸಂಜೆಯಲ್ಲಿ ತಿದ್ದಬಹುದು. ಹೆಚ್ಚು ತೊಂದರೆಯಿರುವುದು ಪ್ರತಿಯೊಂದು ಸ್ನಾಯುವಿಗೂ ‘ಉಗಮ (ಸ್ನಾಯು ಹೊರಡುವ ಜಾಗ), ನಿವೇಶನ (ಅದು ಹೋಗಿ ಅಂಟುವ ಜಾಗ), ನರ, ಕಾರ್ಯ’ ಎಂದು ನಾಲ್ಕು ಸಾಲು ಕೊಟ್ಟು ಮುಂದೆ ಸಾಗುವ ಕ್ರಮದಲ್ಲಿ. ಇದು ಪರೀಕ್ಷೆಯ ಹಿಂದಿನ ರಾತ್ರಿಯ ಟಿಪ್ಪಣಿಯ ಕ್ರಮ. ಇಲ್ಲಿ ಕಾರ್ಯವು ಉಗಮ ನಿವೇಶನಗಳಿಂದ ಹೊರಡುವ ಫಲವಾಗಿ ಕಾಣದೆ, ಅವುಗಳ ಪಕ್ಕದಲ್ಲಿ ಕುಳಿತ ಮತ್ತೊಂದು ಬಿಡಿ ಸಂಗತಿಯಾಗಿ ಕಾಣುತ್ತದೆ. ಸ್ನಾಯುವಿಗೆ ಎಳೆಯುವುದು ಮಾತ್ರ ಗೊತ್ತು, ತಳ್ಳುವುದು ಗೊತ್ತಿಲ್ಲ. ಆದ್ದರಿಂದ ಅದು ಯಾವ ಕೀಲನ್ನು ದಾಟುತ್ತದೆ, ಕೀಲಿನ ಯಾವ ಬದಿಯಿಂದ ದಾಟುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಕೇಳಿದರೆ ಅದು ಏನು ಮಾಡುತ್ತದೆ ಎಂಬುದನ್ನು ಓದುಗರೇ ಹೇಳಬಲ್ಲರು.

ನಿಮ್ಮ ಅಜ್ಜಿಗೆ ಈ ಎರಡು ಪ್ರಶ್ನೆಗಳನ್ನು ಅನ್ವಯಿಸಿ. ‘ಮೀನಖಂಡವು ಹಿಮ್ಮಡಿಯನ್ನು ಎತ್ತುವ ಸ್ನಾಯು’ ಎಂದು ಬರೆದಿದ್ದೀರಿ. ಮೀನಖಂಡ ಒಂದು ಸ್ನಾಯುವಲ್ಲ. ಹೊರಗೆ ಎರಡು ಉಬ್ಬುಗಳಾಗಿ ಕಾಣುವ ಗ್ಯಾಸ್ಟ್ರೊಕ್ನೀಮಿಯಸ್ ತೊಡೆಯೆಲುಬಿನ ಕೆಳತುದಿಯಿಂದ ಹೊರಟು ಮಂಡಿ, ಹರಡು ಎರಡನ್ನೂ ಹಿಂದಿನಿಂದ ದಾಟುತ್ತದೆ. ಅದರಡಿಯಲ್ಲಿ ಚಪ್ಪಟೆಯಾಗಿ ಮಲಗಿರುವ ಸೋಲಿಯಸ್ ಮಂಡಿಯ ಕೆಳಗಿನ ಎಲುಬುಗಳಿಂದಲೇ ಹೊರಡುವುದರಿಂದ ಹರಡನ್ನು ಮಾತ್ರ ದಾಟುತ್ತದೆ. ಎರಡೂ ಒಂದೇ ದಪ್ಪ ಸ್ನಾಯುರಜ್ಜುವಾಗಿ ಹಿಮ್ಮಡಿಯ ಎಲುಬಿಗೆ ಅಂಟುತ್ತವೆ. ಮಂಡಿ ಮಡಿಸಿದೊಡನೆ ಗ್ಯಾಸ್ಟ್ರೊಕ್ನೀಮಿಯಸ್‌ನ ಮೇಲ್ತುದಿ ಹಿಮ್ಮಡಿಗೆ ಹತ್ತಿರವಾಗಿ ಅದು ಸಡಿಲಗೊಳ್ಳುತ್ತದೆ. ಹೀಗಾಗಿ ಕುಕ್ಕರಗಾಲಿನಲ್ಲಿ ಹಿಮ್ಮಡಿ ನೆಲ ಬಿಡದಂತೆ ಕೂರಲು ಸೋಲಿಯಸ್ ಸಾಕಷ್ಟು ಹಿಗ್ಗಬೇಕು, ಹರಡಿನ ಕೀಲು ಮುಂದಕ್ಕೆ ಬಾಗಬೇಕು. ಬದುಕೆಲ್ಲ ನೆಲದ ಮೇಲೆ ಕುಳಿತೆದ್ದವರಿಗೆ ಅದು ಸಹಜ. ಕುರ್ಚಿಯಲ್ಲಿ ಬೆಳೆದ ಹಲವರ ಹರಡು ಅಷ್ಟು ಬಾಗದು. ಹಿಮ್ಮಡಿ ಮೇಲೇಳುತ್ತದೆ, ಇಲ್ಲವೇ ಮೈಭಾರ ಹಿಂದಕ್ಕೆ ಸರಿದು ನಿಮ್ಮಂತೆ ಬೀಳುತ್ತಾರೆ.

ಇದನ್ನು ಓದುಗರ ಕೈಯಲ್ಲೇ ಮಾಡಿಸಿ. ಗೋಡೆಗೆ ಕೈಯೂರಿ, ಒಂದು ಕಾಲನ್ನು ಹಿಂದಿಟ್ಟು, ಹಿಮ್ಮಡಿ ಎತ್ತದೆ ಮಂಡಿಯನ್ನು ನೆಟ್ಟಗೆ ಹಿಡಿದು ಮುಂದಕ್ಕೆ ವಾಲಿದರೆ ಸೆಳೆತವು ಮೀನಖಂಡದ ಮೇಲ್ಭಾಗದಲ್ಲಿ ತಿಳಿಯುತ್ತದೆ. ಅದೇ ಭಂಗಿಯಲ್ಲಿ ಹಿಂದಿನ ಮಂಡಿಯನ್ನು ಮಡಿಸಿದರೆ ಸೆಳೆತ ಕೆಳಕ್ಕೆ, ಹಿಮ್ಮಡಿಯ ಕಡೆಗೆ ಇಳಿಯುತ್ತದೆ. ಭರತನಾಟ್ಯದ ಅರೆಮಂಡಿಯಲ್ಲಿ ದುಡಿತದ ಹೆಚ್ಚು ಪಾಲು ಸೋಲಿಯಸ್‌ಗೆ ಬೀಳುವುದೂ ಇದೇ ಕಾರಣಕ್ಕೆ. ಅದರ ಬಹುಪಾಲು ತಂತುಗಳು ನಿಧಾನವಾಗಿ ಸಂಕುಚಿಸಿ ಬಹುಹೊತ್ತು ದಣಿಯದವು. ನೆಗೆತಕ್ಕೂ ಓಟದ ಚಿಮ್ಮುವಿಕೆಗೂ ಗ್ಯಾಸ್ಟ್ರೊಕ್ನೀಮಿಯಸ್ ಬೇಕು. (ಒಂದು ಹೊರಮಾತು: ಸೋಲಿಯಸ್ ಎಂಬ ಹೆಸರು ಪಾದರಕ್ಷೆಯ ಲ್ಯಾಟಿನ್ ಪದದಿಂದ ಬಂದದ್ದು, ನಮ್ಮ ಕರಾವಳಿಯ ನಂಗಿನಂಥ ಚಪ್ಪಟೆ ಮೀನಿಗೂ ಆ ಭಾಷೆಯಲ್ಲಿ ಅದೇ ಪದ. ನಮ್ಮದು ಮೀನಖಂಡ. ಇದು ಕಾಕತಾಳೀಯವಷ್ಟೆ; ದಯವಿಟ್ಟು ಇದರ ಮೇಲೆ ಸಿದ್ಧಾಂತ ಕಟ್ಟಬೇಡಿ.)

ಭಾಷೆಯ ವಿಷಯಕ್ಕೆ ಬರುತ್ತೇನೆ. ‘ದೀರ್ಘಪಾದಾಂಗುಷ್ಠಪ್ರಸಾರಕ’ ಎಂಬುದನ್ನು ನಾನು ಮೂರನೆಯ ಸಲಕ್ಕೆ ಉಸಿರು ಕಟ್ಟದೆ ಓದಿದೆ. ‘ಹೆಬ್ಬೆರಳನ್ನು ಎತ್ತುವ ಉದ್ದ ಸ್ನಾಯು’ ಎಂದರೆ ಏನು ಕಡಿಮೆಯಾಗುತ್ತಿತ್ತು? ಅಂತರರಾಷ್ಟ್ರೀಯ ಹೆಸರನ್ನು ಕನ್ನಡ ಲಿಪಿಯಲ್ಲಿ ಒಮ್ಮೆ ಕೊಟ್ಟು, ಬಳಿಕ ಅದು ಮಾಡುವ ಕೆಲಸದಿಂದಲೇ ಅದನ್ನು ಕರೆಯಿರಿ.

ಇದಕ್ಕಿಂತ ಗಂಭೀರವಾದದ್ದು ‘ನರ’ ಎಂಬ ಪದ. ಎರಡನೆಯ ಪುಟದಲ್ಲಿ ನರವು ಮೆದುಳಿನ ಆಜ್ಞೆಯನ್ನು ಒಯ್ಯುತ್ತದೆ. ಐದನೆಯ ಪುಟದಲ್ಲಿ ‘ಹಿಮ್ಮಡಿಯ ನರ’ ಕಿತ್ತುಹೋಗುತ್ತದೆ. ಒಂಬತ್ತನೆಯ ಪುಟದಲ್ಲಿ ಬಹುಕಾಲ ನಿಂತು ದುಡಿಯುವವರ ಕಾಲಿನ ‘ನರ ಉಬ್ಬುತ್ತದೆ’. ಮನೆಮಾತಿನಲ್ಲಿ ಇದು ಮೂರಕ್ಕೂ ಸಲ್ಲುತ್ತದೆ, ನಾನೂ ಹಾಗೆಯೇ ಮಾತನಾಡುತ್ತೇನೆ. ಆದರೆ ಮೊದಲನೆಯದು ನರ, ಎರಡನೆಯದು ಸ್ನಾಯುರಜ್ಜು, ಮೂರನೆಯದು ಅಭಿಧಮನಿ. ಅಂಗರಚನೆಯ ಲೇಖನದಲ್ಲಿ ಈ ಮೂರನ್ನು ಬೆರೆಸಿದರೆ ಓದುಗರಿಗೆ ಯಾವುದೂ ದಕ್ಕುವುದಿಲ್ಲ. ಸ್ನಾಯು ಎಂಬ ಪದಕ್ಕೂ ಇಂಥದೇ ಚರಿತ್ರೆಯಿದೆ. ಸುಶ್ರುತ ಸಂಹಿತೆಯು 900 ಸ್ನಾಯುಗಳನ್ನೂ 500 ಪೇಶಿಗಳನ್ನೂ ಬೇರೆ ಬೇರೆಯಾಗಿ ಎಣಿಸುತ್ತದೆ. ಅಲ್ಲಿ ಸ್ನಾಯುವೆಂದರೆ ಕಟ್ಟಿಹಿಡಿಯುವ ನಾರು, ಮಾಂಸದ ಮುದ್ದೆಗೆ ಪೇಶಿ ಎಂದು ಹೆಸರು. ಇಂದಿನ ಕನ್ನಡದಲ್ಲಿ ಸ್ನಾಯು ಆ ಮಾಂಸದ ಹೆಸರಾಗಿದೆ. ಆದ್ದರಿಂದ ಆಯುರ್ವೇದ ಗ್ರಂಥದ ಸಂಖ್ಯೆಯನ್ನು ಇಂದಿನ ಸ್ನಾಯುಗಳ ಸಂಖ್ಯೆಯೊಡನೆ ನೀವು ಹೋಲಿಸಿದ ಪರಿಚ್ಛೇದವನ್ನು ತೆಗೆಯಲೇಬೇಕು.

ಗ್ರೀಕ್ ಪುರಾಣದ ವೀರ ಅಕಿಲಿಸನ ಕಥೆಗೆ ಒಂದೂವರೆ ಪುಟ ಕೊಟ್ಟಿದ್ದೀರಿ. ಒಂದು ವಾಕ್ಯ ಸಾಕು. ಫಿಲಿಪ್ ವೆರ್ಹೇಯನ್ ಎಂಬ ಅಂಗರಚನಾತಜ್ಞ 1693ರಲ್ಲಿ ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ರಜ್ಜುವಿಗೆ ಆ ವೀರನ ಹೆಸರನ್ನು ಕೊಟ್ಟ ಎಂಬುದನ್ನು ಸೇರಿಸಿ, ಉಳಿದ ಜಾಗವನ್ನು ರಜ್ಜುವಿಗೇ ಬಿಡಿ. ‘ಇದು ಹರಿದರೆ ಪಾದವನ್ನು ಕೆಳಗೆ ಒತ್ತಲು ಸಾಧ್ಯವೇ ಇಲ್ಲ’ ಎಂಬ ನಿಮ್ಮ ವಾಕ್ಯ ತಪ್ಪು, ಅಪಾಯಕಾರಿಯೂ ಹೌದು. ಒಳಪದರದ ಟಿಬಿಯಾಲಿಸ್ ಪೋಸ್ಟೀರಿಯರ್, ಬೆರಳು ಮಡಿಸುವ ಎರಡು ಉದ್ದ ಸ್ನಾಯುಗಳು ಹಾಗೂ ಹೊರಬದಿಯ ಎರಡು ಪೆರೋನಿಯಸ್‌ಗಳು ಹರಡಿನ ಹಿಂದಿನಿಂದಲೇ ಹಾದುಹೋಗುವುದರಿಂದ ದುರ್ಬಲವಾಗಿಯಾದರೂ ಪಾದ ಕೆಳಗೆ ಬಾಗುತ್ತದೆ. ಹಾಗಾಗಿಯೇ ಕೆಲವರು ‘ಉಳುಕಿರಬೇಕು’ ಎಂದು ಎಣ್ಣೆ ತಿಕ್ಕಿಕೊಂಡು ವಾರಗಟ್ಟಲೆ ಕಳೆಯುತ್ತಾರೆ. ಬೋರಲು ಮಲಗಿಸಿ ಮೀನಖಂಡವನ್ನು ಹಿಂಡಿದಾಗ ಪಾದ ಅಲುಗದಿದ್ದರೆ ರಜ್ಜು ಹರಿದಿದೆಯೆಂದು ವೈದ್ಯರು ಊಹಿಸುತ್ತಾರೆ. ಹರಿಯುವ ಜಾಗ ಸಾಮಾನ್ಯವಾಗಿ ಹಿಮ್ಮಡಿಗಿಂತ 2ರಿಂದ 6 ಸೆಂಟಿಮೀಟರ್ ಮೇಲೆ, ರಕ್ತಪೂರೈಕೆ ತೆಳುವಾದ ಕಡೆ.

ಹೊರಬದಿಯ ಸ್ನಾಯುಗಳಿಗೆ ನೀವು ಕೊಟ್ಟಿರುವುದು ಐದೇ ಸಾಲು. ಪೆರೋನಿಯಸ್ ಲಾಂಗಸ್ ಹರಡಿನ ಹೊರಗಿಣ್ಣಿನ ಹಿಂದಿನಿಂದ ಇಳಿದು, ಅಂಗಾಲಿನಡಿ ಅಡ್ಡಲಾಗಿ ಹಾದು, ಹೆಬ್ಬೆರಳಿನ ಸಾಲಿನ ಬುಡದ ಎಲುಬುಗಳಿಗೆ ಅಂಟುತ್ತದೆ. ಮುಂಭಾಗದ ಟಿಬಿಯಾಲಿಸ್ ಆಂಟೀರಿಯರ್ ಒಳಬದಿಯಿಂದ ಬಂದು ಅದೇ ಎಲುಬುಗಳನ್ನೇ ಹಿಡಿಯುತ್ತದೆ. ಹೀಗೆ ಎರಡೂ ಸೇರಿ ಪಾದವನ್ನು ಕುದುರೆ ಸವಾರನ ರಿಕಾಪಿನಂತೆ ಹೊತ್ತುಕೊಳ್ಳುತ್ತವೆ: ಒಂದು ಅಂಗಾಲನ್ನು ಹೊರಕ್ಕೆ ತಿರುಗಿಸಿದರೆ ಇನ್ನೊಂದು ಒಳಕ್ಕೆ. ಗದ್ದೆಯ ಬದುವಿನ ಮೇಲೆ ನಡೆಯುವವರ ಪಾದ ಹೊರಳದಂತೆ ಹೆಜ್ಜೆಹೆಜ್ಜೆಗೂ ಕಾಯುವ ಕೆಲಸದಲ್ಲಿ ಈ ಜೋಡಿಗೆ ದೊಡ್ಡ ಪಾಲಿದೆ. ಐದು ಸಾಲಿನಲ್ಲಿ ಇದಕ್ಕೆ ಜಾಗವೆಲ್ಲಿ?

ಇನ್ನು ‘ಪಾದಪತನ’. ಮಂಡಿಯ ಹೊರಬದಿಯಲ್ಲಿ, ಫಿಬುಲಾ ಎಲುಬಿನ ಕತ್ತನ್ನು ಸುತ್ತಿ ಒಂದು ನರ ಬರುತ್ತದೆ. ಅದರ ಮೇಲೆ ಚರ್ಮ ಬಿಟ್ಟರೆ ಹೆಚ್ಚೇನೂ ಇಲ್ಲ. ಬಿಗಿಯಾದ ಪ್ಲಾಸ್ಟರಿನಿಂದಲೋ ಕಳೆ ಕೀಳುತ್ತ ದಿನವಿಡೀ ಕುಕ್ಕರಗಾಲಿನಲ್ಲಿ ಕೂತದ್ದರಿಂದಲೋ ಕುಷ್ಠರೋಗದಿಂದಲೋ ಅದಕ್ಕೆ ಹಾನಿಯಾದರೆ, ಪಾದವನ್ನು ಮೇಲೆತ್ತುವ ಮುಂಭಾಗದ ಸ್ನಾಯುಗಳು ಸೋಲುತ್ತವೆ, ಬೆರಳುಗಳು ನೆಲಕ್ಕೆ ಎಡವುತ್ತವೆ, ಮನುಷ್ಯ ಮೆಟ್ಟಿಲು ಹತ್ತುವವನಂತೆ ಮಂಡಿ ಎತ್ತೆತ್ತಿ ನಡೆಯುತ್ತಾನೆ. ನೀವು ಇಲ್ಲಿಗೆ ನಿಲ್ಲಿಸಿದ್ದೀರಿ, ಸ್ವಾರಸ್ಯ ಇಲ್ಲಿಂದಾಚೆಗಿದೆ. ಹಿಂಭಾಗದ ಟಿಬಿಯಾಲಿಸ್ ಪೋಸ್ಟೀರಿಯರ್‌ಗೆ ಬೇರೆಯೇ ನರ ಇರುವುದರಿಂದ ಅದು ಉಳಿದಿರುತ್ತದೆ. ಶಸ್ತ್ರವೈದ್ಯರು ಅದರ ರಜ್ಜುವನ್ನು ಬಿಡಿಸಿ, ಮುಂದಕ್ಕೆ ತಂದು, ಪಾದದ ಮೇಲ್ಭಾಗಕ್ಕೆ ಜೋಡಿಸುತ್ತಾರೆ. ಪಾದವನ್ನು ಕೆಳಕ್ಕೂ ಒಳಕ್ಕೂ ಎಳೆಯುತ್ತಿದ್ದ ಸ್ನಾಯು ಹರಡಿನ ಮುಂದೆ ಹಾದ ಮಾತ್ರಕ್ಕೆ ಮೇಲಕ್ಕೆಳೆಯುವ ಸ್ನಾಯುವಾಗುತ್ತದೆ, ರೋಗಿ ಅಭ್ಯಾಸದಿಂದ ಅದನ್ನು ಹಾಗೆ ಬಳಸಲು ಕಲಿಯುತ್ತಾನೆ. ‘ಯಾವ ಬದಿಯಿಂದ ದಾಟುತ್ತದೆ’ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ನೀವು ‘ನಾಲ್ಕು ವಿಭಾಗಗಳು’ ಎಂದು ಶೀರ್ಷಿಕೆ ಕೊಟ್ಟು, ಅವುಗಳನ್ನು ವಿಭಾಗಿಸುವುದು ಏನೆಂದು ಹೇಳಿಲ್ಲ. ಅದು ಸುಲಭಕ್ಕೆ ಹಿಗ್ಗದ ಗಟ್ಟಿ ಪೊರೆ. ಎಲುಬು ಮುರಿದು ಒಳಗೆ ರಕ್ತ ಸುರಿದರೆ, ಸ್ನಾಯು ಬಾತರೆ, ಆ ಕೋಣೆಯೊಳಗಿನ ಒತ್ತಡ ಏರಿ ಸಣ್ಣ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ. ಬೆರಳನ್ನು ಬೇರೆಯವರು ಮೆಲ್ಲನೆ ಎಳೆದರೂ ತಡೆಯಲಾಗದ ನೋವು ಇದರ ಮೊದಲ ಸೂಚನೆಗಳಲ್ಲೊಂದು. ಪಾದದ ನಾಡಿ ಸಿಗುತ್ತಿದೆಯೆಂದು ಸಮಾಧಾನಪಡುವಂತಿಲ್ಲ. ಸುಮಾರು 6 ಗಂಟೆ ರಕ್ತವಿಲ್ಲದೆ ಉಳಿದ ಸ್ನಾಯು ಮತ್ತೆ ಚೇತರಿಸದಿರಬಹುದು. ಆದ್ದರಿಂದ ಪೊರೆಯನ್ನು ಉದ್ದಕ್ಕೆ ಸೀಳಿ ಒತ್ತಡ ಇಳಿಸುತ್ತಾರೆ. ಮುರಿದ ಕಾಲಿಗೆ ಬಿದಿರುಪಟ್ಟಿ ಬಿಗಿದು ‘ನೋವು ಇದ್ದದ್ದೇ’ ಎಂದು ಸುಮ್ಮನಿರಿಸುವ ಪದ್ಧತಿ ಇನ್ನೂ ಇರುವ ನಾಡಿನಲ್ಲಿ ಈ ಪರಿಚ್ಛೇದವಿಲ್ಲದ ಲೇಖನವನ್ನು ನಾನು ಅಚ್ಚಿಗೆ ಕಳುಹಿಸುವುದಿಲ್ಲ.

ಉಳಿದವು ಸಣ್ಣವು. ಹಿಂಭಾಗದ ಮೇಲ್ಪದರದ ಮೂರನೆಯ ಸ್ನಾಯುವಾದ ಪ್ಲಾಂಟಾರಿಸ್ ಅನ್ನು ‘ನಿರುಪಯುಕ್ತ’ ಎಂದಿದ್ದೀರಿ. ಕೆಲವರಲ್ಲಿ ಅದು ಇರುವುದೇ ಇಲ್ಲವೆಂಬುದು ನಿಜ, ಆದರೆ ಇದ್ದವರಲ್ಲಿ ಅದರ ಉದ್ದನೆಯ ತೆಳುರಜ್ಜುವನ್ನು ಬೇರೆಡೆ ಕಸಿಮಾಡಲು ಶಸ್ತ್ರವೈದ್ಯರು ಬಳಸುತ್ತಾರೆ. ರಾತ್ರಿ ಮೀನಖಂಡ ಹಿಡಿದುಕೊಳ್ಳುವುದಕ್ಕೆ ಬಾಳೆಹಣ್ಣಿನ ಕೊರತೆಯೇ ಕಾರಣವೆಂಬ ವಾಕ್ಯ ಹೋಗಲಿ. ಬೆರಳುಗಳನ್ನು ಮಂಡಿಯ ಕಡೆಗೆ ಎಳೆದರೆ ಸೆಳೆತ ಬಿಡುತ್ತದೆ ಎಂಬ ಮುಂದಿನ ವಾಕ್ಯ ಇರಲಿ. ‘ಎರಡನೆಯ ಹೃದಯ’ದ ಪರಿಚ್ಛೇದ ಚೆನ್ನಾಗಿದೆ: ಮೀನಖಂಡ ಹಿಂಡಿದಾಗ ಅಭಿಧಮನಿಯ ರಕ್ತ ಮೇಲಕ್ಕೇರುತ್ತದೆ, ಕವಾಟಗಳು ಅದನ್ನು ಹಿಂದಿರುಗಲು ಬಿಡುವುದಿಲ್ಲ, ರಾತ್ರಿಬಸ್ಸಿನಲ್ಲಿ ಅಲುಗದೆ ಕುಳಿತರೆ ಬೆಳಗಿಗೆ ಚಪ್ಪಲಿ ಬಿಗಿಯಾಗುತ್ತದೆ. ಇದರಲ್ಲಿ ಒಂದಕ್ಷರವನ್ನೂ ಮುಟ್ಟಬೇಡಿ.

ಚಿತ್ರಗಳು ಎರಡು ಸಾಕು: ಕಣಕಾಲನ್ನು ನಡುವೆ ಅಡ್ಡಕೊಯ್ದಾಗ ಕಾಣುವ ನಾಲ್ಕು ಕೋಣೆಗಳು, ಮತ್ತು ಪಕ್ಕದಿಂದ ನೋಡಿದಂತೆ ಕುಕ್ಕರಗಾಲಿನಲ್ಲಿ ಕುಳಿತ ಒಬ್ಬ ಹೆಂಗಸು, ಸೋಲಿಯಸ್ ಮತ್ತು ಗ್ಯಾಸ್ಟ್ರೊಕ್ನೀಮಿಯಸ್‌ಗಳನ್ನು ಎರಡು ಬಣ್ಣದಲ್ಲಿ ತೋರಿಸಿ. ಎರಡನೆಯದನ್ನು ನೀವೇ ಪೆನ್ಸಿಲಿನಲ್ಲಿ ಗೀಚಿ ಕಳುಹಿಸಿದರೆ ನಮ್ಮ ಕಲಾವಿದರು ತಿದ್ದಿಕೊಳ್ಳುತ್ತಾರೆ, ಒಲೆಯನ್ನು ಬಿಡಬೇಡಿ.

ಇಂತು,
ಸಂಪಾದಕ